ಮಳೆಯ ಸಾಲಿಗೆ ಒಂದೇ ಪ್ರಶ್ನೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಆಷಾಢದಲ್ಲಿ ಅಲ್ಲಿಯವರನ್ನು ‘ಇಂದು ಮಳೆ ಬಂದಿತೆ?’ ಎಂದು ಕೇಳಿದರೆ ನಕ್ಕಾರು. ಹವಾಮಾನ ಶಾಸ್ತ್ರಕ್ಕಾದರೋ ಅದು ನಗೆಯ ಪ್ರಶ್ನೆಯಲ್ಲ. ದಿನವೊಂದರಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದರೆ ಮಾತ್ರ ಅದನ್ನು ‘ಮಳೆಯ ದಿನ’ವೆಂದು ಭಾರತ ಹವಾಮಾನ ಇಲಾಖೆಯು ಗಣಿಸುತ್ತದೆ. ಇದೊಂದು ಷರತ್ತು.

ಒಂದು ದಿನಕ್ಕೆ ಈ ಷರತ್ತನ್ನು ಅನ್ವಯಿಸುವುದು ಸುಲಭ. ನೂರು ವರ್ಷಗಳ ದಾಖಲೆಯಿದ್ದರೆ ಮೂವತ್ತಾರು ಸಾವಿರಕ್ಕೂ ಮಿಕ್ಕಿದ ಅಂಕಿಗಳಾಗುತ್ತವೆ. ಹದಿನೈದು ನಿಮಿಷಕ್ಕೊಮ್ಮೆ ಅಳೆಯುವ ಸ್ವಯಂಚಾಲಿತ ಮಳೆಮಾಪಕಗಳನ್ನು ಕರ್ನಾಟಕದ ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ಥಾಪಿಸಲಾಗಿದೆ. ಅಂಥದೊಂದು ಮಾಪಕವು ವರ್ಷಕ್ಕೆ 35,040 ಅಂಕಿಗಳನ್ನು ಕೊಡುತ್ತದೆ. ಒಂದೇ ಬಗೆಯ ಅಂಕಿಗಳ ಇಂಥ ಸಾಲನ್ನು ಗಣಕಶಾಸ್ತ್ರದಲ್ಲಿ ‘ವೆಕ್ಟರ್’ ಎನ್ನುತ್ತಾರೆ.

ಕಾಳುಮೆಣಸನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವಾಗ ಒಂದೊಂದೇ ಕಾಳನ್ನು ಎತ್ತಿ ನೋಡುವವರುಂಟೆ? ರಾಶಿಯನ್ನೇ ಜರಡಿಗೆ ಸುರಿಯುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬವರು ರೂಪಿಸಿದ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಗಣಕಭಾಷೆಯು ಈ ಜರಡಿಯ ಕ್ರಮಕ್ಕೆ ಒಗ್ಗಿದ್ದು. ಅದರಲ್ಲಿ ಅಂಕಿಗಳನ್ನು ಒಂದೊಂದಾಗಿ ಸುತ್ತುಹಾಕಿ ಪರೀಕ್ಷಿಸಿದರೆ, ಪ್ರತಿ ಸುತ್ತಿನಲ್ಲಿಯೂ ‘ಇದು ಯಾವ ಬಗೆಯ ವಸ್ತು, ಹೇಗೆ ಹೋಲಿಸಬೇಕು’ ಎಂದು ಯಂತ್ರವು ಹೊಸದಾಗಿ ವಿಚಾರಿಸಿಕೊಳ್ಳುತ್ತದೆ. ಸಾಲಿಗೆ ಸಾಲನ್ನೇ 2.5ರೊಡನೆ ಹೋಲಿಸೆಂದರೆ ಆ ವಿಚಾರಣೆ ಒಮ್ಮೆಗೇ ಮುಗಿಯುತ್ತದೆ.

ಇಲ್ಲಿ ಎರಡು ಪದಗಳ ಭೇದವನ್ನು ತಿಳಿಯಬೇಕು. ‘ಇಫ್’ ಎಂಬುದು ಒಂದೇ ಒಂದು ನಿಜ ಅಥವಾ ಸುಳ್ಳನ್ನು ಬಯಸುತ್ತದೆ. ಹಿಂದೆ ಅದಕ್ಕೆ ಇಡೀ ಸಾಲನ್ನು ಕೊಟ್ಟರೆ ಮೊದಲನೆಯದನ್ನು ಮಾತ್ರ ನೋಡಿ, ಎಚ್ಚರಿಕೆಯೊಂದನ್ನು ನುಡಿದು ಮುಂದೆ ಸಾಗುತ್ತಿತ್ತು. 2022ರಲ್ಲಿ ಬಂದ 4.2.0 ಆವೃತ್ತಿಯಿಂದ ಅದನ್ನು ದೋಷವೆಂದು ನಿಲ್ಲಿಸಲಾಗುತ್ತದೆ, ಒಳ್ಳೆಯದೇ ಆಯಿತು. ‘ಇಫ್‌ಎಲ್ಸ್’ ಎಂಬುದಾದರೆ ಸಾಲಿನ ಪ್ರತಿಯೊಂದು ಅಂಕಿಗೂ ‘ಮಳೆ’ ಅಥವಾ ‘ಒಣ’ ಎಂಬ ಹೆಸರಿನ ಚೀಟಿಯನ್ನು ಅಂಟಿಸಿ ಕೊಡುತ್ತದೆ. ಎಣಿಕೆಯಷ್ಟೇ ಸಾಕೆಂದರೆ ಚೀಟಿಯೂ ಬೇಡ. ನಿಜಕ್ಕೆ ಒಂದು, ಸುಳ್ಳಿಗೆ ಸೊನ್ನೆ ಎಂದು ಯಂತ್ರವು ಬಗೆಯುವುದರಿಂದ ಹೋಲಿಕೆಯ ಫಲಗಳನ್ನು ಕೂಡಿದರೆ ಮಳೆಯ ದಿನಗಳ ಸಂಖ್ಯೆ ದೊರೆಯುತ್ತದೆ. ಭಾರಿ ಮಳೆಗೆ 64.5, ಅತಿ ಭಾರಿಗೆ 115.6, ಅತ್ಯಂತ ಭಾರಿಗೆ 204.5 ಮಿಲಿಮೀಟರ್ ಎಂಬ ಗಡಿಗಳಿವೆ. ಇವಕ್ಕಾಗಿ ಷರತ್ತಿನೊಳಗೆ ಷರತ್ತನ್ನು ಹೆಣೆದರೆ ಸಾಲನ್ನು ಮತ್ತೆ ಮತ್ತೆ ಜಾಲಾಡಬೇಕಾಗುತ್ತದೆ. ಗಡಿಗಳನ್ನೆಲ್ಲ ಕ್ರಮವಾಗಿ ಒಮ್ಮೆಗೇ ಕೊಡುವುದು ಮೇಲು.

ವೇಗಕ್ಕಿಂತ ಮಿಗಿಲಾದ ಸಂಗತಿಯೊಂದಿದೆ. ಉದಾಹರಣೆಗಾಗಿ ಐದು ದಿನಗಳ ಅಂಕಿಗಳು ಹೀಗಿವೆಯೆನ್ನೋಣ: 0, 1.2, 38, ಖಾಲಿ, 112. ನಾಲ್ಕನೆಯ ದಿನ ಯಾರೂ ಅಳೆದಿಲ್ಲ. ಹೊಳೆಯುಕ್ಕಿ, ಮಾಪಕದ ಬಳಿಗೆ ಹೋಗಲಾಗದಷ್ಟು ಮಳೆ ಸುರಿದಿದ್ದಿರಬಹುದು. ಆರ್ ಭಾಷೆ ಆ ಸ್ಥಾನಕ್ಕೆ ನಿಜವೆಂದೂ ಹೇಳದು, ಸುಳ್ಳೆಂದೂ ಹೇಳದು, ‘ಲಭ್ಯವಿಲ್ಲ’ ಎನ್ನುತ್ತದೆ. ಹಾಗೆಯೇ ಕೂಡಿಸಹೋದರೆ ಮೊತ್ತವೂ ‘ಲಭ್ಯವಿಲ್ಲ’ವೆಂದೇ ಬರುತ್ತದೆ. ಇದು ಕಿರಿಕಿರಿಯೆಂದು ಖಾಲಿ ಮನೆಗೆ ಸೊನ್ನೆ ಬರೆದವನು ಮಹಾಮಳೆಯ ದಿನವೊಂದನ್ನು ಒಣದಿನವಾಗಿಸಿರಬಹುದು. ಖಾಲಿಯನ್ನು ಖಾಲಿಯಾಗಿಯೇ ಉಳಿಸಿ, ‘ಅಳೆದ ನಾಲ್ಕು ದಿನಗಳಲ್ಲಿ ಎರಡು ಮಳೆಯ ದಿನಗಳು’ ಎಂದು ಬರೆಯುವುದು ಸರಿಯಾದ ಲೆಕ್ಕ.