ಗಣತಿಯ ಪುಟದಲ್ಲಿ ಒಂದು ಶ್ರಮಿಕ ಕುಟುಂಬ

ಅರಸರ ಆಳ್ವಿಕೆಯೂ ಯುದ್ಧಗಳ ಫಲಾಫಲವೂ ಇತಿಹಾಸ ಗ್ರಂಥಗಳಲ್ಲಿ ವಿಪುಲವಾಗಿ ದೊರೆಯುತ್ತವೆ. ಆದರೆ ಕೂಲಿಯಿಂದ ಹೊಟ್ಟೆ ಹೊರೆದ ಜನರಲ್ಲಿ ಹೆಚ್ಚಿನವರು ತಮ್ಮ ಕಥೆಯನ್ನು ತಾವು ಬರೆದಿಡಲಿಲ್ಲ. ಅಂಥವರ ಬಾಳನ್ನು ಅರಿಯಲು 19ನೆಯ ಶತಮಾನದ ಸ್ಕಾಟ್ಲೆಂಡಿನ ಜನಗಣತಿ, ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಖಾನೇಸುಮಾರಿ, ಒಂದು ಅಮೂಲ್ಯ ಸಾಧನವಾಗಿದೆ. ಅದನ್ನು ಓದುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸೋಣ.

ಸ್ಕಾಟ್ಲೆಂಡಿನಲ್ಲಿ ಜನಗಣತಿಯು 1801ರಲ್ಲಿ ಆರಂಭವಾಗಿ ಹತ್ತು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿತು. ಆದರೆ ದೇಶದಾದ್ಯಂತ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡದ್ದು 1841ರಲ್ಲಿ. ಆಗ 15 ವರ್ಷ ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 24ರ ತರುಣನು ಪುಟದಲ್ಲಿ 20ರವನಾದನು. 1851ರಿಂದ ಸರಿಯಾದ ವಯಸ್ಸು, ಮನೆಯ ಯಜಮಾನನೊಡನೆ ಇರುವ ಸಂಬಂಧ, ಹುಟ್ಟಿದ ಪ್ಯಾರಿಷ್ ಇವು ಸೇರಿದವು. 1861ರಲ್ಲಿ ಮತ್ತೆರಡು ಪ್ರಶ್ನೆಗಳು ಬಂದವು: ಶಾಲೆಗೆ ಹೋಗುವ 5ರಿಂದ 15 ವರ್ಷದ ಮಕ್ಕಳೆಷ್ಟು? ಕಿಟಕಿಯುಳ್ಳ ಕೋಣೆಗಳೆಷ್ಟು? ಈ ಎರಡನೆಯ ಪ್ರಶ್ನೆಯ ಉತ್ತರದಿಂದ, ದೇಶದ ಮನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಒಂದೇ ಕೋಣೆಯವು ಎಂಬ ಕಠೋರ ಸತ್ಯವು ಹೊರಬಿದ್ದಿತು.

ಸೆಣಬು ಮತ್ತು ನಾರುಬಟ್ಟೆಯ ಗಿರಣಿಗಳ ಊರಾದ ಡಂಡಿಯನ್ನು ತೆಗೆದುಕೊಳ್ಳೋಣ. 1851ರಲ್ಲಿಯೇ ಅಲ್ಲಿಯ ಜನರಲ್ಲಿ ಐವರಲ್ಲಿ ಸುಮಾರು ಒಬ್ಬರು ಐರ್ಲೆಂಡಿನಲ್ಲಿ ಹುಟ್ಟಿದವರಾಗಿದ್ದರು. ಅಲ್ಲಿಯ ಒಂದು ಕುಟುಂಬವನ್ನು, 1861ರ ಪುಟದಲ್ಲಿ ಕಾಣಬಹುದಾದಂತೆ, ಮಾದರಿಗಾಗಿ ಕಲ್ಪಿಸಿಕೊಳ್ಳಿರಿ. ತಂದೆ 38, ಕೂಲಿಕಾರ, ತಾಯಿ 35, ಇಬ್ಬರೂ ಐರ್ಲೆಂಡಿನಲ್ಲಿ ಹುಟ್ಟಿದವರು. ಮಗಳು 15, ಗಿರಣಿಯಲ್ಲಿ ನೂಲುವವಳು, ಜನನ ಐರ್ಲೆಂಡ್. ಮಗ 12, ಜನನ ಗ್ಲ್ಯಾಸ್ಗೋ. ಕಿರಿಯ ಮಗು 3, ಜನನ ಡಂಡಿ. ಇವರೊಡನೆ ಒಬ್ಬ ಬಾಡಿಗೆವಾಸಿ. ಕಿಟಕಿಯುಳ್ಳ ಕೋಣೆ: ಒಂದು.

ಮಕ್ಕಳ ಜನ್ಮಸ್ಥಳಗಳನ್ನು ಕ್ರಮವಾಗಿ ಓದಿದರೆ ಕುಟುಂಬವು ನಡೆದ ದಾರಿಯೇ ಕಾಣಿಸುತ್ತದೆ. ಮಗಳು ಹುಟ್ಟಿದ್ದು ಸುಮಾರು 1846ರಲ್ಲಿ, ಮಗ ಹುಟ್ಟಿದ್ದು 1849ರ ಸುಮಾರಿಗೆ. ನಡುವಿನ ಕಾಲವು ಐರ್ಲೆಂಡಿನ ಆಲೂಗಡ್ಡೆ ಬೆಳೆ ನಾಶವಾಗಿ ಘೋರ ಕ್ಷಾಮವು ಹಬ್ಬಿದ ಕಾಲ. ಇವರು ಕಡಲು ದಾಟಿದ್ದೇಕೆಂದು ಗಣತಿದಾರನು ಕೇಳಲಿಲ್ಲ; ಆದರೂ ಉತ್ತರದ ಸುಳಿವು ಪುಟದಲ್ಲಿದೆ.

ಬರೆಯದೆ ಬಿಟ್ಟುದನ್ನೂ ಓದಬೇಕು. ತಾಯಿಯ ಉದ್ಯೋಗದ ಅಂಕಣ ಬರಿದಾಗಿದೆ. ಆರು ಮಂದಿಗೆ ಅಡಿಗೆ ಮಾಡಿ, ಬಟ್ಟೆ ಒಗೆದು, ಬಾಡಿಗೆವಾಸಿಯ ಹಣದಿಂದ ಸಂಸಾರ ತೂಗಿಸಿದ ದುಡಿಮೆಯು ಅಲ್ಲಿ ಉದ್ಯೋಗವೆನಿಸಲಿಲ್ಲ. ಇನ್ನು 12ರ ಮಗನಿಗೂ 3ರ ಮಗುವಿಗೂ ನಡುವೆ ಒಂಬತ್ತು ವರ್ಷಗಳ ಅಂತರವಿದೆ. 1851ರ ಗಣತಿಯ ತರುವಾಯ ಹುಟ್ಟಿ 1861ರ ಗಣತಿಗೆ ಮುನ್ನ ತೀರಿಕೊಂಡ ಮಗುವು ಯಾವ ಗಣತಿಯಲ್ಲಿಯೂ ಇರುವುದಿಲ್ಲ. ಹಾಗೆಯೇ ಆಗಿರಬೇಕೆಂದು ಸಾಧಿಸಲಾಗದು. ತಂದೆ ದುಡಿಮೆಗಾಗಿ ದೂರವಿದ್ದಿರಲೂಬಹುದು. ಆದಕಾರಣ ಸ್ಕಾಟ್ಲೆಂಡಿನಲ್ಲಿ 1855ರಿಂದ ಕಡ್ಡಾಯವಾದ ಜನನ ಮರಣಗಳ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ಗಣತಿಯನ್ನು ಓದುವುದು ಉಚಿತ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಮಗೆ ಉಳಿದಿರುವುದು ಮನೆಮನೆಯ ಮೂಲ ಪತ್ರಗಳಲ್ಲ, ಗಣತಿದಾರನು ಅವುಗಳಿಂದ ನಕಲು ಮಾಡಿದ ಪುಸ್ತಕ. ಅಕ್ಷರ ಬಾರದವರ ಪತ್ರವನ್ನು ತುಂಬಿದವನೂ ಅನೇಕ ವೇಳೆ ಅವನೇ. ಅವನ ಕಿವಿಗೆ ಕೇಳಿಸಿದಂತೆ ಹೆಸರು, ಅವರ ನೆನಪಿಗೆ ಬಂದಂತೆ ವಯಸ್ಸು.

ಗಣತಿಯು ಒಂದು ರಾತ್ರಿಯ ದೀಪ. ಅದರ ಬೆಳಕಿನಲ್ಲಿ ಕಂಡವರನ್ನು ಗೌರವದಿಂದ ನೋಡುವುದು, ಕಾಣದವರನ್ನು ಮರೆಯದಿರುವುದು, ಇವೆರಡೂ ಇತಿಹಾಸದ ವಿದ್ಯಾರ್ಥಿಯ ಕರ್ತವ್ಯಗಳು.