ಹಳೆಯ ಕೋವಿಯ ಸವೆತವನ್ನು ತಿಳಿಯುವುದು ಹೇಗೆ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ, ದ್ವಾರಕಾದ ಕಟ್ಟಡಗಳ ಬಾಗಿಲಲ್ಲಿಯೂ ಬ್ಯಾಂಕುಗಳ ಮುಂದೆಯೂ ಕಾವಲು ನಿಂತವರು ಕೆಲವರಿದ್ದಾರೆ. ಕೋವಿ ಹಿಡಿದ ಕಾವಲುಗಾರನಿಗೆ ಸಂಬಳ ತುಸು ಹೆಚ್ಚು. ಅಂಥವರಲ್ಲೊಬ್ಬರು ಊರಿನಲ್ಲಿ ಸಾಲ ಮಾಡಿ ಹಳೆಯ ಬೋಲ್ಟ್ ರೈಫಲೊಂದನ್ನು ಕೊಂಡರು. ಮರಕ್ಕೆ ಹೊಸ ಪಾಲಿಷು, ಉಕ್ಕಿಗೆ ಹೊಸ ಕಪ್ಪು. ನೋಡಲು ಮದುಮಗನಂತಿತ್ತು. ಕೋವಿ ರಿಪೇರಿಯವರು ಅಳೆದು ನೋಡಿ, "ಇದನ್ನು ಹಾರಿಸಿದರೆ ಕಣ್ಣು ಹೋದೀತು" ಎಂದರು. ಕೋವಿ ಮೂಲೆ ಸೇರಿತು. ಸಾಲ ಮಾತ್ರ ಉಳಿಯಿತು. ಇನ್ನೊಬ್ಬರಿಗೆ ಹಾಗಾಗಬಾರದೆಂದು, ಅನುಭವಸ್ಥ ಹವಾಲ್ದಾರರೊಬ್ಬರ ಬಳಿ ಕುಳಿತು ನಾವು ಕಲಿತುದನ್ನು ಇಲ್ಲಿ ಪಾಠರೂಪದಲ್ಲಿ ಕೊಡುತ್ತಿದ್ದೇವೆ.

ಮೊದಲು ಕಾಗದ, ಆಮೇಲೆ ಕೋವಿ. ಕೊಡಗಿನವರಿಗೆ ಕೋವಿಯೆಂದರೆ ಮನೆಯ ಒಡವೆ. ಕೈಲ್ ಮುಹೂರ್ತದಂದು ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು. ಉಳಿದ ನಮಗೆಲ್ಲ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸ್ ಇರಲೇಬೇಕು. ಸ್ವಂತದ ಕೋವಿಯನ್ನು ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ, ೪೫ ದಿನ ಕಳೆದ ಮೇಲಷ್ಟೇ ಕೊಡಬಹುದು. ಆ ಅವಸರವಿಲ್ಲದ ದಿನಗಳು ಕೊಳ್ಳುವವನಿಗೂ ಒಳ್ಳೆಯವೇ. ದೆಹಲಿಯಲ್ಲಿ ಲೈಸೆನ್ಸ್ ಕೊಡುವವರು ಪೋಲೀಸರು. ನಮ್ಮ ಲೈಸೆನ್ಸು ಕಾವಲಿನ ಕೆಲಸಕ್ಕೆ ಸಲ್ಲುತ್ತದೆಯೇ ಎಂಬುದನ್ನು ಅವರಲ್ಲಿಯೇ ಕೇಳಿ ತಿಳಿಯಬೇಕು. .೩೦೩ ಸೈನ್ಯದ ಬೋರಾದುದರಿಂದ ಸಾಮಾನ್ಯ ಲೈಸೆನ್ಸಿಗೆ ನಿಷಿದ್ಧ. ಎಷ್ಟು ಅಗ್ಗವಾಗಿ ಬಂದರೂ ಮುಟ್ಟಬಾರದು. ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯ .೩೧೫. ಇದರ ಬೋಲ್ಟು ಹಳೆಯ ಲೀ-ಎನ್‌ಫೀಲ್ಡಿನ ಜಾತಿಯದೇ.

ಇನ್ನು ಪರೀಕ್ಷೆ. ಮಾರುವವರ ಎದುರಿನಲ್ಲಿಯೇ ಬೋಲ್ಟ್ ತೆರೆದು, ಮ್ಯಾಗಜಿನ್ ಖಾಲಿ ಮಾಡಿ, ತೋಟಾ ಕೂರುವ ಕೋಣೆಯನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಬೇಕು. "ಖಾಲಿಯಿದೆ" ಎಂಬ ಮಾತನ್ನು ಯಾರ ಬಾಯಿಂದ ಬಂದರೂ ನಂಬಬಾರದು.

ಒಂದು: ನಂಬರು. ಕೋವಿಯ ಮೈಯ ಮೇಲಿನ ನಂಬರೂ ಬೋಲ್ಟಿನ ನಂಬರೂ ಒಂದೇ ಆಗಿರಬೇಕು. ಲೈಸೆನ್ಸಿನಲ್ಲಿ ಬರೆದುದಕ್ಕೂ ತಾಳೆಯಾಗಬೇಕು. ನಂಬರು ಬೇರೆಯಿದ್ದರೆ ಬೇರೊಂದು ಕೋವಿಯ ಬೋಲ್ಟನ್ನು ತಂದು ಜೋಡಿಸಿದ್ದಾರೆಂದು ತಿಳಿಯಬೇಕು.

ಎರಡು: ನಳಿಗೆ. ಎಣ್ಣೆ ತುಂಬಿದ ನಳಿಗೆ ಎಲ್ಲವನ್ನೂ ಮರೆಸುತ್ತದೆ. ಒಣಬಟ್ಟೆಯಿಂದ ಒರೆಸಿ, ಬೋಲ್ಟನ್ನು ಹೊರತೆಗೆದು, ಹಿಂಬದಿಯಲ್ಲಿ ಬಿಳಿಯ ಕಾಗದವನ್ನು ಬೆಳಕಿಗೆ ಹಿಡಿದು ಬಾಯಿಯ ಕಡೆಯಿಂದ ನೋಡಬೇಕು. ಸುರುಳಿಗೆರೆಗಳ ಅಂಚು ಚೂಪಾಗಿದ್ದರೆ ಒಳ್ಳೆಯದು. ಅಂಚು ಮೊಂಡಾಗಿ, ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಅದು ತುಕ್ಕು ತಿಂದ ನಳಿಗೆ. ಹಿಂದಿನ ತೋಟಾಗಳ ಕ್ಯಾಪು ಸಿಡಿದಾಗ ಉಪ್ಪಿನಂಥ ಶೇಷ ಒಳಗುಳಿದು ತೇವವನ್ನು ಎಳೆಯುತ್ತಿತ್ತು. ಆದುದರಿಂದಲೇ ಹಳೆಯ ಸಿಪಾಯಿಗಳು ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆಯುತ್ತಿದ್ದರು. ಉಂಗುರದಂತೆ ಒಂದು ಕರಿಯ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆಯೆಂದು ತಿಳಿದು ಕೈಬಿಡಬೇಕು. ಬಾಯಿಯ ಅಂಚನ್ನೂ ನೋಡಬೇಕು. ಮುಂದಿನಿಂದ ಕಡ್ಡಿ ಹಾಕಿ ಉಜ್ಜಿ ಉಜ್ಜಿ ಒಂದು ಪಕ್ಕ ಸವೆದಿದ್ದರೆ ಗುರಿ ನಿಲ್ಲದು.

ಮೂರು: ಬೋಲ್ಟಿನ ಗೂಟಗಳು. ಸಿಡಿತದ ಒತ್ತಡವನ್ನೆಲ್ಲ ತಡೆಯುವುವು ಇವೇ. ಈ ಜಾತಿಯಲ್ಲಿ ಅವು ಬೋಲ್ಟಿನ ಹಿಂಭಾಗದಲ್ಲಿವೆ. ಎರಡರ ಹಿಂಮುಖವೂ ಸಮನಾಗಿ ಉಜ್ಜಿ ಹೊಳೆಯುತ್ತಿರಬೇಕು. ಒಂದು ಹೊಳೆದು ಇನ್ನೊಂದು ಕಪ್ಪಾಗಿದ್ದರೆ ಭಾರವೆಲ್ಲ ಒಂದರ ಮೇಲೆಯೇ ಬಿದ್ದಿದೆ. ಉಗುರಿಗೆ ಮೆಟ್ಟಿಲು ತಗುಲಿದರೆ, ಕೂದಲೆಳೆಯಂಥ ಬಿರುಕು ಕಂಡರೆ ಬೇಡವೇ ಬೇಡ.

ನಾಲ್ಕು: ಹಿಂದಿನ ಎಡೆ. ತೋಟಾದ ತಳದ ಅಂಚು ಊರಿ ನಿಲ್ಲುವ ಜಾಗಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಎಡೆ ಅಳತೆ ಮೀರಿದರೆ ಹಿತ್ತಾಳೆಯ ಕೋಶ ಹರಿದು ಬೆಂಕಿಗಾಳಿ ಮುಖಕ್ಕೆ ಬರುತ್ತದೆ. ಈ ಅಳತೆ ಎಷ್ಟು ಸೂಕ್ಷ್ಮವೆಂದರೆ, .೩೦೩ರಲ್ಲಿ ಸೈನ್ಯದ ಗೇಜು ಇಂಚಿನ ಸಾವಿರದ ೬೪ನೆಯ ಪಾಲಿನಿಂದ ೭೪ರವರೆಗೆ ಮಾತ್ರ. ನಡುವಿನ ಅಂತರ ಕಾಲು ಮಿಲಿಮೀಟರು! ಇದು ಕಣ್ಣಿನ ಕೆಲಸವಲ್ಲ. ಆ ತೋಟಾಕ್ಕೇ ಮಾಡಿದ ಗೇಜು ಇರುವ ಲೈಸೆನ್ಸುದಾರ ರಿಪೇರಿಯವರಲ್ಲಿಗೆ ಒಯ್ಯಲೇಬೇಕು. ನಾವು ನೋಡಬಹುದಾದುದು ಒಂದಿದೆ: ಆ ಕೋವಿಯಿಂದ ಹಾರಿಸಿದ ಖಾಲಿ ಕೋಶವನ್ನು ಕೇಳಿ ಪಡೆಯಬೇಕು. ತಳದಿಂದ ಬೆರಳಗಲ ಮೇಲೆ ಸುತ್ತಲೂ ಹೊಳೆಯುವ ಗೆರೆಯಿದ್ದರೆ ಕೋಶ ಅಲ್ಲಿ ಹರಿಯಲು ಹೊರಟಿದೆ ಎಂದು ಅರ್ಥ.

ಐದು: ಕುದುರೆ ಮತ್ತು ತಡೆ. ಖಾಲಿ ಕೋವಿಯನ್ನು ನಿರಪಾಯದ ಕಡೆಗೆ ಹಿಡಿದು ತಡೆ ಹಾಕಿ ಕುದುರೆ ಎಳೆದರೆ ಅದು ಬೀಳಬಾರದು. ಅನಂತರ ತಡೆ ತೆಗೆದಾಗ ತಾನಾಗಿಯೂ ಬೀಳಬಾರದು. ಬೋಲ್ಟನ್ನು ರಭಸದಿಂದ ಮುಚ್ಚಿದರೂ ಬೀಳಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಮನೆಯಲ್ಲಿಡುವ ವಸ್ತುವಲ್ಲ.

ಆರು: ಮರ ಮತ್ತು ತಿರುಪು. ಮರದಲ್ಲಿ ಉಕ್ಕು ಒದೆಯುವ ಜಾಗದಲ್ಲಿ ಬಿರುಕಿದೆಯೇ ನೋಡಬೇಕು. ತಿರುಪುಗಳ ತಲೆ ಹರಿದಿದ್ದರೆ ಅರೆಗಲಿತ ಕೈಯೊಂದು ಒಳಗೆ ಹೋಗಿಬಂದಿದೆ. ಮಲೆನಾಡಿನ ಮಳೆ ಕಂಡ ಕೋವಿಯಾದರೆ ಮರವನ್ನು ಬಿಚ್ಚಿಸಿಯೇ ನೋಡಬೇಕು. ತುಕ್ಕು ಅಡಗುವುದು ಅದರ ಕೆಳಗೆ.

ಯಾವುದನ್ನು ಕ್ಷಮಿಸಬಹುದು? ಕೈ ಹಿಡಿದೆಡೆ ಕಪ್ಪು ಹೋಗಿರುವುದು, ಮರದ ಮೇಲಿನ ಗೀರು, ಪಟ್ಟಿಯ ಕೊಂಡಿಯ ಸವೆತ, ಇವು ಪ್ರಾಮಾಣಿಕ ದುಡಿಮೆಯ ಗುರುತುಗಳು. ಗಿರಣಿಯಲ್ಲಿ ಲೆಕ್ಕ ಬರೆಯುವ ನಾವೂ ಇದನ್ನು ಕಂಡಿದ್ದೇವೆ: ಹೊಸ ಬಣ್ಣ ಬಳಿದ ಯಂತ್ರದ ಬೇರಿಂಗಿನ ಮೇಲೆಯೇ ಮೊದಲು ಅನುಮಾನ. ಉಕ್ಕು ಉಕ್ಕನ್ನು ಉಜ್ಜುವಲ್ಲಿ, ಮದ್ದು ಸುಡುವಲ್ಲಿ ಸವೆತವನ್ನು ಹುಡುಕಬೇಕು. ಹೊಳಪು ಕಾಣುವಲ್ಲಿ ಅಲ್ಲ.

ಮುಂಗಡ ಕೊಡುವ ಮುನ್ನ ಈ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. "ರಿಪೇರಿಯವರಿಗೆ ತೋರಿಸಿ ಬರೋಣ" ಎಂದಾಗ ಮಾರುವವರು ಹಿಂಜರಿದರೆ, ಗೇಜಿಲ್ಲದೆಯೇ ಪರೀಕ್ಷೆ ಮುಗಿದಂತೆ. ನಮಸ್ಕಾರ ಹೇಳಿ ಎದ್ದುಬನ್ನಿ.