ಎರಡು ಸಲ ನೋಡಿ ‘ಬಭ್ರುವಾಹನ’

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರಿಗೆ ಪುರಾಣ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡಿದರೆ ಬೆಳಗಿನ ಜಾವದವರೆಗೂ ಕೂರುತ್ತಾರೆ. ಪರದೆಯ ಮೇಲೆ ಬರೆದ ಅರಮನೆಯನ್ನು ಅರಮನೆ ಎಂದೇ ಒಪ್ಪುತ್ತಾರೆ. ಟೀವಿಯಲ್ಲಿ ಹಳೆಯ ಪೌರಾಣಿಕ ಚಿತ್ರ ಬಂದಾಗ ಮಾತ್ರ ಮನೆಯ ಹುಡುಗರು ‘ಗ್ರಾಫಿಕ್ಸ್ ಸುಮಾರು’ ಅಂದುಬಿಡುತ್ತಾರೆ. ಅದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಸೊಗಸು ಇರುವುದೇ ಅಲ್ಲಿ.

ಮೊದಲು ಚಿತ್ರ ಆರಿಸಿಕೊಳ್ಳಿ. ನನ್ನ ಆಯ್ಕೆ ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ, 1977ರ ‘ಬಭ್ರುವಾಹನ’. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಮೊಬೈಲಿನಲ್ಲಿ ಬೇಡ. ಚೌಕಟ್ಟಿನ ಅಂಚುಗಳು ಕಾಣಬೇಕು, ದೊಡ್ಡ ಪರದೆಯೇ ಸರಿ. ದೀಪ ಆರಿಸಿ.

ಮೊದಲ ಸಲ ಎಲ್ಲಿಯೂ ನಿಲ್ಲಿಸದೆ ನೋಡಿ. ಪಕ್ಕದಲ್ಲಿ ಕೂತ ಮಗುವಿಗೆ ‘ಅದೆಲ್ಲ ಸುಳ್ಳು ಕಣೋ’ ಅನ್ನಬೇಡಿ. ಬಾಣಕ್ಕೆ ಬಾಣ ಡಿಕ್ಕಿ ಹೊಡೆಯಲಿ, ನಾಗಲೋಕ ಬರಲಿ, ಸತ್ತವನು ಎದ್ದು ಕೂರಲಿ. ಕಥೆಯ ನಂಟು ಗೊತ್ತಿದ್ದರೆ ಸಾಕು: ತಾನೇ ಮಗ ಎಂದು ಬಂದವನನ್ನು ಅಪ್ಪ ಹೀಯಾಳಿಸುತ್ತಾನೆ, ಆ ಮಾತು ಯುದ್ಧಕ್ಕೆ ತಿರುಗುತ್ತದೆ.

ಎರಡನೇ ಸಲ ಇಡೀ ಚಿತ್ರ ಬೇಕಿಲ್ಲ. ಅಪ್ಪ ಮಗ ಎದುರುಬದುರಾಗುವ ಭಾಗವೊಂದೇ ಸಾಕು. ರಿಮೋಟ್ ಕೈಯಲ್ಲಿರಲಿ. ಆ ಕಾಲದಲ್ಲಿ ದ್ವಿಪಾತ್ರ ತೆಗೆಯುವ ಪದ್ಧತಿ ಹೀಗಿತ್ತು: ಕ್ಯಾಮೆರಾ ಅಲುಗದಂತೆ ಕೂರಿಸಿ, ಮಸೂರದ ಅರ್ಧ ಭಾಗಕ್ಕೆ ಕಪ್ಪು ತಡೆಯಿಟ್ಟು ಒಂದು ಪಾತ್ರವನ್ನು ಚಿತ್ರಿಸುವುದು. ಆಮೇಲೆ ರೀಲನ್ನು ಹಿಂದಕ್ಕೆ ಸುತ್ತಿ, ತಡೆಯನ್ನು ಇನ್ನೊಂದು ಬದಿಗೆ ಸರಿಸಿ, ನಟ ವೇಷ ಬದಲಿಸಿ ಬಂದ ಮೇಲೆ ಅದೇ ಫಿಲ್ಮಿನ ಉಳಿದರ್ಧವನ್ನು ತುಂಬುವುದು. ಕೈ ಒಂದಿಷ್ಟು ಗೆರೆ ದಾಟಿದರೆ ಆ ಕೈಯೇ ಮಾಯ! ಹಾಗಾಗಿ ಇಬ್ಬರ ಮುಖವೂ ಒಟ್ಟಿಗೆ ಕಂಡಾಗ ಕ್ಯಾಮೆರಾ ಅಲುಗುತ್ತದೆಯೇ ಗಮನಿಸಿ. ನಡುವೆ ಕಂಬವೋ ಖಾಲಿ ಗೋಡೆಯೋ ಇದ್ದರೆ ಬೆಸುಗೆ ಅಲ್ಲೇ ಇರಬಹುದು. ಒಬ್ಬನ ಬೆನ್ನಷ್ಟೇ ಕಂಡರೆ ಅದು ಬದಲಿ ನಟನ ಬೆನ್ನಿರಬಹುದು. ಇಷ್ಟೆಲ್ಲ ಹುಡುಕಿದ ಮೇಲೆ ರಾಜ್‌ಕುಮಾರ್ ಕಣ್ಣು ನೋಡಿ. ಎದುರಿಗೆ ಯಾರೂ ಇಲ್ಲದ ಜಾಗಕ್ಕೆ ಅಷ್ಟು ಸಿಟ್ಟು ಮಾಡುವುದು ಯಾವ ಯಂತ್ರದ ಕೆಲಸವೂ ಅಲ್ಲ.

ಆಮೇಲೆ ಒಂದು ಸಲ ಶಬ್ದ ಪೂರ್ತಿ ತಗ್ಗಿಸಿ ನೋಡಿ. ಬಣ್ಣ, ಕಿರೀಟ, ಭುಜಕೀರ್ತಿಗಳು ಯಾರು ಯಾರ ಕಡೆ ಎಂದು ಹೇಳುತ್ತವೆ.

ಕಣ್ಣು ಇನ್ನೂ ಪಳಗಬೇಕೆಂದರೆ ಮನೆಯಿಂದ ಹೊರಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರ್, ಟಿಪ್ಪು, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಪತಿ ಬೇಯ್ಲಿ, ಸಿಡಿಯುವ ಮದ್ದಿನ ಬಂಡಿ, ಎಲ್ಲವೂ ಒಂದೇ ಗೋಡೆಯಲ್ಲಿ. ನಿಮ್ಮ ನೋಟ ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಸರಿಯಿತು ಎಂದು ಕೇಳಿಕೊಳ್ಳಿ. ಕೆ.ಆರ್. ಪೇಟೆಗೆ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ನನಗೆ ಅದಕ್ಕಿಂತ ಇಷ್ಟ. 13ನೇ ಶತಮಾನದ ಈ ಹೊಯ್ಸಳ ಗುಡಿಯ ತಳಪಟ್ಟಿಕೆಯಲ್ಲಿ ಆನೆ, ಕುದುರೆ, ಬಳ್ಳಿಗಳ ಸಾಲಿನ ಮೇಲೆ ರಾಮಾಯಣ, ಮಹಾಭಾರತದ ಸಾಲು ಓಡುತ್ತದೆ. ಪ್ರದಕ್ಷಿಣೆ ಹಾಕುತ್ತ ನೋಡಿ: ಚಿತ್ರ ನಿಂತಿರುತ್ತದೆ, ಚಲಿಸುವವರು ನೀವು. ಬೆಳಗ್ಗೆಯೋ ಇಳಿಹೊತ್ತಿನಲ್ಲೋ ಹೋದರೆ ಓರೆ ಬಿಸಿಲಿಗೆ ಉಬ್ಬುಗಳು ಎದ್ದು ಕಾಣುತ್ತವೆ. ನಡುಹಗಲಲ್ಲಿ ಎಲ್ಲ ಚಪ್ಪಟೆ.

ಹೊಸ ಚಿತ್ರ ಬೇಕೆನ್ನುವವರಿಗೆ 2019ರ ‘ಕುರುಕ್ಷೇತ್ರ’ ಇದೆ. ದರ್ಶನ್ ದುರ್ಯೋಧನ, ನಮ್ಮ ದೊಡ್ಡರಸಿನಕೆರೆಯ ಅಂಬರೀಶ್ ಭೀಷ್ಮ. ತ್ರೀಡಿಯಲ್ಲೂ ಬಂದ ಚಿತ್ರವಿದು. ಇದನ್ನು ‘ಬಭ್ರುವಾಹನ’ ಆದಮೇಲೆಯೇ ನೋಡಿ, ಮೊದಲಲ್ಲ.